ಕಿಟಕಿಗೆ ತೆತ್ತ ಬೆಲೆ

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿಹಾರನೌಕೆಗಳಿಂದ ಇಳಿದ ವಿದೇಶೀಯರು, ಬಸ್ಸುಗಳಲ್ಲಿ ಮೂಡುಬಿದಿರೆಯವರೆಗೆ ಬಂದು, 1430ರ ಸಾವಿರ ಕಂಬದ ಬಸದಿಯ ಕಲ್ಲಿನಲ್ಲಿ ಜಿರಾಫೆಯ ಕೆತ್ತನೆಯನ್ನು ಕಂಡು ಬೆರಗಾಗುವುದನ್ನು ಬದಿಯಲ್ಲಿ ನಿಂತು ನೋಡುವಾಗಲೆಲ್ಲ, ಇವರು ಬಂದಂಥ ಹಡಗಿನಲ್ಲಿ ನಾವೂ ಒಮ್ಮೆ ಹೋಗಬಾರದೇಕೆ ಎಂಬ ಆಸೆ ನನ್ನಲ್ಲಿ ಚಿಗುರುತ್ತಿದ್ದುದುಂಟು. ದುಬಾಯಿಯಲ್ಲಿ ಉದ್ಯೋಗದಲ್ಲಿರುವ ಮಗಳ ಮನೆಗೆ ಹೋದ ಒಂದು ಚಳಿಗಾಲದಲ್ಲಿ ಆ ಆಸೆ ಕೈಗೂಡಿತು. ಅಲ್ಲಿಂದ ಹೊರಟು ಅಬುಧಾಬಿ, ದೋಹಾಗಳನ್ನು ಸುತ್ತಿ ಮರಳುವ ಏಳು ರಾತ್ರಿಗಳ ಯಾನ. ಬಂಟ್ವಾಳದ ಕೃಷಿಕನಾದ ನಾನು ನಾಲ್ಕು ಕಡೆ ಧಾರಣೆ ವಿಚಾರಿಸದೆ ಒಂದು ಗೋಣಿ ಅಡಿಕೆಯನ್ನೂ ಮಾರಿದವನಲ್ಲವಾದರೂ, ಹಡಗಿನ ಕೋಣೆಯನ್ನು ಕೊಳ್ಳುವಲ್ಲಿ ಮಾತ್ರ ಚಿತ್ರ ನೋಡಿ ಮರುಳಾದೆನು.

ಕಿಟಕಿಯೇ ಇಲ್ಲದ ಒಳಕೋಣೆ, ತೆರೆಯಲಾಗದ ಗಾಜಿನ ಕಿಟಕಿಯ ಕೋಣೆ, ಬಾಲ್ಕನಿಯುಳ್ಳ ಕೋಣೆ, ಸಿರಿವಂತರ ಸೂಟ್ ಎಂದು ಸ್ಥೂಲವಾಗಿ ನಾಲ್ಕು ತರಗತಿ. ಜಾಹೀರಾತಿನ ದರ ಕೋಣೆಯದಲ್ಲ, ಇಬ್ಬರಿರುವ ಕೋಣೆಯಲ್ಲಿ ತಲೆಯೊಂದರದು. ಒಬ್ಬನೇ ಹೋದರೆ ಹೆಚ್ಚುಕಡಿಮೆ ಎರಡು ತಲೆಯ ಹಣ ತೆರಬೇಕು. ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಭಕ್ಷೀಸು ಹಲವೆಡೆ ಬೇರೆಯೇ ಲೆಕ್ಕ. ನಮಗೆ ಒಳಕೋಣೆಗೆ ತಲೆಗೆ 45,000 ರೂಪಾಯಿ, ಬಾಲ್ಕನಿಗೆ 65,000. ಇಬ್ಬರಿಗೆ 40,000 ರೂಪಾಯಿಯ ಅಂತರ ಎಂದರೆ, ಕಿಲೋಗೆ 450ರ ಧಾರಣೆಯಲ್ಲಿ ತೊಂಬತ್ತು ಕಿಲೋದಷ್ಟು ಚಾಲಿ ಅಡಿಕೆ. “ಈ ದರಕ್ಕೆ ಬಾಲ್ಕನಿ ಮತ್ತೆ ಸಿಗಲಿಕ್ಕಿಲ್ಲ” ಎಂದ ಏಜೆಂಟನ ಮಾತಿಗೆ ಒಪ್ಪಿಬಿಟ್ಟೆ. ಆ ಅಗ್ಗಕ್ಕೆ ಕಾರಣವೇನೆಂದು ಕೇಳುವ ಬುದ್ಧಿ ಹೊಳೆಯಲಿಲ್ಲ.

ಕಾರಣ ಎರಡನೆಯ ರಾತ್ರಿ ಪ್ರತ್ಯಕ್ಷವಾಯಿತು. ನಮ್ಮದು ಹಡಗಿನ ಮೂತಿಯ ಕಡೆಯ, ಮೇಲಂತಸ್ತಿನ ಕೋಣೆ. ಆ ಕೊಲ್ಲಿಯಲ್ಲಿ ಚಳಿಗಾಲಕ್ಕೆ ವಾಯವ್ಯದಿಂದ ಬೀಸುವ ‘ಶಮಾಲ್’ ಗಾಳಿ ಎದ್ದಾಗ ಮೂತಿ ಏರುವುದು, ಇಳಿಯುವುದು. ಮೇಜಿನ ಮೇಲಿದ್ದ ನೀರಿನ ಲೋಟ ಮೆಲ್ಲಗೆ ಜಾರಿ ಅಂಚಿಗೆ ಹೋಗಿ, ಕ್ಷಣ ನಿಂತು, ಹಿಂದಿರುಗುವುದು. ಲಿಂಬೆಹಣ್ಣನ್ನು ಮೂಗಿಗೆ ಹಿಡಿದು ಮಲಗಿದ್ದ ನನ್ನ ಹೆಂಡತಿ ಕಣ್ಣು ತೆರೆಯದೆಯೇ, “ಇದಕ್ಕಿಂತ ಚಾರ್ಮಾಡಿ ಘಾಟಿಯ ಬಸ್ಸಿನ ಹಿಂದಿನ ಸೀಟೇ ಆಗಬಹುದಿತ್ತು ಮಾರಾಯ್ರೇ” ಎಂದಳು. ಬೆಳಗಿನ ಜಾವ ಕಣ್ಣು ಹತ್ತುವಷ್ಟರಲ್ಲಿ ಮಾಡಿನ ಮೇಲೆ ಧೊಪ್ಪೆಂದು ಏನೋ ಬಿತ್ತು, ಮತ್ತೆ ಬಿತ್ತು. ನಮ್ಮ ತಲೆಯ ಮೇಲೆಯೇ ಹಡಗಿನ ವ್ಯಾಯಾಮಶಾಲೆಯಿದ್ದು, ಪುಣ್ಯಾತ್ಮರು ಭಾರದ ಗುಂಡುಗಳನ್ನೆತ್ತಿ ಇಳಿಸುತ್ತಿದ್ದರು. ಬಾಲ್ಕನಿಯಲ್ಲಿ ನಾವು ಕುಳಿತದ್ದಾದರೂ ಎಷ್ಟು? ದಿನಕ್ಕೆ ಅರ್ಧ ಗಂಟೆಯಂತೆ ಒಟ್ಟು ಮೂರೂವರೆ ಗಂಟೆ. ಗಂಟೆಗೆ ಹನ್ನೊಂದು ಸಾವಿರಕ್ಕೂ ಮಿಕ್ಕಿದ ಬಾಡಿಗೆ. ಅದೇ ಕಡಲು ಮೇಲಣ ಬಯಲಟ್ಟದಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ಕಾಣುತ್ತಿತ್ತು.

ನೇತ್ರಾವತಿಯಲ್ಲಿ ಸರಕಿನ ದೋಣಿಗಳು ಮಂಗಳೂರಿನಿಂದ ಬಂಟ್ವಾಳದ ಪೇಟೆಯವರೆಗೆ ಬರುತ್ತಿದ್ದ ಕಾಲದಲ್ಲಿ, ಅಂಜುಬುರುಕರನ್ನು ದೋಣಿಯ ನಡುವೆಯೇ ಕೂರಿಸುತ್ತಿದ್ದರೆಂದು ನಮ್ಮಜ್ಜ ಹೇಳುತ್ತಿದ್ದರು. ಹಡಗೆಷ್ಟೇ ದೊಡ್ಡದಾಗಲಿ ನ್ಯಾಯ ಅದೇ: ತುದಿಗಳು ತೂಗುತ್ತವೆ, ಮೇಲಂತಸ್ತು ಓಲಾಡುತ್ತದೆ, ನಡುವಣ ಕೆಳಗಿನ ಅಂತಸ್ತು ಅತಿ ಕಡಿಮೆ ಅಲುಗುತ್ತದೆ. ಆದ್ದರಿಂದ ಹಣ ಕೊಡುವ ಮೊದಲು ಅಂತಸ್ತುಗಳ ನಕ್ಷೆಯನ್ನು ತರಿಸಿ ನಿಮ್ಮ ಕೋಣೆಯ ಮೇಲೇನಿದೆ, ಕೆಳಗೇನಿದೆ ಎಂದು ಬೆರಳಿಟ್ಟು ನೋಡಿರಿ. ಎರಡೂ ಕಡೆ ಕೋಣೆಗಳೇ ಇದ್ದರೆ ನಿದ್ರೆ ನಿಮ್ಮದು, ಅಡುಗೆಮನೆ, ನಾಟ್ಯಶಾಲೆ, ಈಜುಕೊಳಗಳಿದ್ದರೆ ಅಲ್ಲ. ಪಕ್ಕದ ಕೋಣೆಗೆ ನಡುಬಾಗಿಲಿದ್ದರೆ ನೆರೆಯವರ ಜಗಳವೂ ನಿಮ್ಮದೇ. ಅಗ್ಗದ ಕಿಟಕಿಗೆ ಜೀವರಕ್ಷಕ ದೋಣಿ ಅಡ್ಡ ನೇತಾಡುತ್ತಿರುವುದುಂಟು. ಕೋಣೆಯ ಸಂಖ್ಯೆಯನ್ನು ಕಂಪನಿಯೇ ಆಮೇಲೆ ನಿರ್ಧರಿಸುವ ಸೋವಿಯ ಟಿಕೆಟ್ ಗಟ್ಟಿ ಹೊಟ್ಟೆಯವರಿಗೆ ಮಾತ್ರ.

ನಾರ್ವೆಯಂತಹ ಕಡೆ, ಇಕ್ಕೆಲದ ಪರ್ವತಗಳ ನಡುವೆ ಹಡಗು ಸಾಗುವಾಗ, ಬಾಲ್ಕನಿಯ ವ್ಯಯ ಸಾರ್ಥಕವಾದೀತು. ನಾಲ್ಕು ದಿಕ್ಕಿಗೂ ಬರಿಯ ನೀರೇ ಇರುವಲ್ಲಿ ಅದು ವ್ಯಾಮೋಹ. ಬೆಳ್ತಂಗಡಿಯ ದಾರಿಯಾಗಿ ಧರ್ಮಸ್ಥಳಕ್ಕೆ ಹೋಗಿ ಗಂಗಾ, ಕಾವೇರಿ, ವೈಶಾಲಿ ವಸತಿಗೃಹಗಳಲ್ಲಿ ಕೋಣೆ ಹಿಡಿಯುವಾಗ ಕಿಟಕಿಯಿಂದ ಏನು ಕಾಣುತ್ತದೆಂದು ನಮ್ಮಲ್ಲಿ ಯಾರು ಕೇಳಿದ್ದಾರೆ? ಚೀಲವಿಟ್ಟು, ಮಿಂದು, ಬೆನ್ನು ಚಾಚಲು ತಾವಿದ್ದರಾಯಿತು, ನೋಡಬಂದದ್ದೆಲ್ಲ ಹೊರಗಿದೆ.

ಬರುವ ಜನವರಿಗೆ ಮಗಳು ಮತ್ತೆ ಕರೆದಿದ್ದಾಳೆ. ಈ ಸಲ ನಡುಭಾಗದ ಕೆಳಂತಸ್ತಿನಲ್ಲಿ ಕಿಟಕಿಯಿಲ್ಲದ ಕೋಣೆಗೆ ಮುಂಗಡ ಕೊಟ್ಟಾಗಿದೆ. ನಕ್ಷೆಯನ್ನು ನೋಡಿ ಸಂಖ್ಯೆಯನ್ನು ಆರಿಸಿದವಳು ನನ್ನ ಹೆಂಡತಿ.