ಪರನಾಡಿನ ಹಳ್ಳಿಯಲ್ಲಿ ಭಾಷಾಬೋಧನೆ

ಪದವಿ ಪಡೆದ ಮೇಲೆ ಒಂದೆರಡು ವರ್ಷ ಪರನಾಡಿನ ಹಳ್ಳಿಯೊಂದರಲ್ಲಿ ನೆಲೆಸಿ, ಸಂಬಳದ ಆಸೆಯಿಲ್ಲದೆ ಅಲ್ಲಿನ ಮಕ್ಕಳಿಗೆ ಭಾಷೆ ಕಲಿಸುವ ಪದ್ಧತಿ ಹಲವು ದೇಶಗಳ ತರುಣರಲ್ಲಿದೆ. ಮಡಗಾಸ್ಕರ್ ದ್ವೀಪದಲ್ಲಿಯೂ ಪಶ್ಚಿಮ ಆಫ್ರಿಕದಲ್ಲಿಯೂ ಫ್ರೆಂಚ್ ಕಲಿಸಲು ಹೀಗೆ ಹೋಗುವವರುಂಟು. ಈ ಸೇವೆ ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಲಿಸುವ ಭಾಷೆ ಬಂದರೆ ಅಷ್ಟೇ ಸಾಕೆ? ಇದನ್ನು ವಿಚಾರಿಸುವುದೇ ಈ ಕಿರುಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಲಿಯುವವನ ಮನೆಮಾತನ್ನು ಅರಿಯದೆ ಕಲಿಸಹೊರಟವನ ವಿದ್ಯೆ ಅರ್ಧವಿದ್ಯೆ.

ಫ್ರೆಂಚ್ ಎಂದರೆ ನಮಗೆ ತೀರ ದೂರದ್ದೆನಿಸಬಹುದು. ಆದರೆ ನಮ್ಮ ಕರಾವಳಿಯಲ್ಲೇ ದಕ್ಷಿಣಕ್ಕಿರುವ ಮಾಹೆಯಲ್ಲಿ 1954ರವರೆಗೆ ಫ್ರೆಂಚರ ಆಡಳಿತವಿತ್ತು. ಇದೇ ಸಾಗರದ ಆಚೆಯ ಮಡಗಾಸ್ಕರ್ 1896ರಲ್ಲಿ ಅವರ ವಸಾಹತಾಗಿ, 1960ರಲ್ಲಿ ಸ್ವತಂತ್ರವಾಯಿತು. ಅಲ್ಲಿ ಇಂದು ಮಲಗಾಸಿ, ಫ್ರೆಂಚ್ ಎರಡೂ ರಾಜಭಾಷೆಗಳು. ಹಳ್ಳಿಯ ಮಗು ಆಡುವುದು ಮಲಗಾಸಿ. ಮೇಲಿನ ವಿದ್ಯೆಗೂ ಕಚೇರಿಯ ಉದ್ಯೋಗಕ್ಕೂ ಬೇಕಾಗುವುದು ಫ್ರೆಂಚ್. 1970ರ ದಶಕದಲ್ಲಿ ಶಾಲೆಗಳಲ್ಲಿ ಮಲಗಾಸಿಯನ್ನೇ ಮಾಧ್ಯಮವಾಗಿಸುವ ಪ್ರಯತ್ನ ನಡೆಯಿತು. ಉದ್ದೇಶ ಉದಾತ್ತವಾಗಿತ್ತು, ಆದರೆ ಪಟ್ಟಣದ ಉಳ್ಳವರು ಖಾಸಗಿ ಶಾಲೆಗಳಲ್ಲಿ ಮಕ್ಕಳಿಗೆ ಫ್ರೆಂಚ್ ಕಲಿಸಿಕೊಂಡರು, ಹಳ್ಳಿಯವರು ಹಿಂದುಳಿದರು. 1990ರ ದಶಕದಲ್ಲಿ ಫ್ರೆಂಚ್ ಮತ್ತೆ ತರಗತಿಗೆ ಬಂದಿತು. ಆದ್ದರಿಂದ ಬಡವನ ಮಗುವಿಗೆ ಪರಭಾಷೆ ಏಣಿಯೂ ಹೌದು, ಗೋಡೆಯೂ ಹೌದು. ಯಾವುದಾಗುತ್ತದೆ ಎಂಬುದು ಕಲಿಸುವ ರೀತಿಯನ್ನು ಅವಲಂಬಿಸಿದೆ.

ಈ ಮಾತನ್ನು ನಾನು ಪುಸ್ತಕದಿಂದ ಮಾತ್ರ ತಿಳಿದುದಲ್ಲ. ನನ್ನ ಊರು ಕಡಬ ತಾಲೂಕಿನ ಕೊಯಿಲ. ನಮ್ಮ ಮನೆಯ ಮಾತು ತುಳು; ನೆರೆಯಲ್ಲಿ ಬ್ಯಾರಿ, ಕೊಂಕಣಿ, ಮಲೆಯಾಳಗಳೂ ಕೇಳಿಬರುತ್ತವೆ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲೇರಿದವರಲ್ಲಿ ನಾನೇ ಮೊದಲಿಗ. ನನಗೆ ಕನ್ನಡವು ಒಂದನೆಯ ತರಗತಿಯಲ್ಲಿ ದೊರೆತ ಭಾಷೆ. ತುಳುವಿನಲ್ಲಿ ಮನೆಗೆ 'ಇಲ್ಲ್' ಎನ್ನುತ್ತೇವೆ. ಮನೆಯ ಚಿತ್ರವನ್ನು ತೋರಿಸಿ ಇದೇನೆಂದು ಕೇಳಿದರೆ ಮಗು 'ಇಲ್ಲ್' ಎನ್ನುತ್ತದೆ. ತುಳು ಬಾರದವರ ಕಿವಿಗೆ ಅದು 'ಇಲ್ಲ' ಎಂದು ಕೇಳಿಸುತ್ತದೆ. ಮಗುವಿನ ಉತ್ತರ ಸರಿಯಾಗಿದ್ದರೂ ಅದು ದಡ್ಡನೆನಿಸಿಕೊಳ್ಳುತ್ತದೆ! ಘಟ್ಟದ ಮೇಲಿನಿಂದ ಬಂದ ನಮ್ಮ ಮಾಸ್ತರರೊಬ್ಬರು ಹಾಗೆ ಮಾಡಲಿಲ್ಲ. ನಾವು ಬೆಕ್ಕಿನ ಚಿತ್ರ ನೋಡಿ 'ಪುಚ್ಚೆ' ಎಂದರೆ, "ಪುಚ್ಚೆಯೂ ಸರಿ, ಶಾಲೆಯಲ್ಲಿ ಬೆಕ್ಕು ಎಂದೂ ಹೇಳೋಣ" ಎನ್ನುತ್ತಿದ್ದರು. ಆ ಒಂದು 'ಸರಿ'ಯ ಬಲದಿಂದಲೇ ನಮ್ಮಲ್ಲಿ ಹಲವರು ಶಾಲೆ ಬಿಡದೆ ಉಳಿದೆವೆಂದು ನನ್ನ ನಂಬಿಕೆ.

ಹೊರಗಿನಿಂದ ಬಂದವರು ನಮ್ಮ ಮಾತನ್ನು ಕಲಿತ ದೃಷ್ಟಾಂತ ಈ ಜಿಲ್ಲೆಗೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1841ರಲ್ಲಿ ಅಚ್ಚುಕೂಟವನ್ನು ತೆರೆದರು. ಅವರ ಉದ್ದೇಶ ಮತಪ್ರಚಾರವಾಗಿತ್ತು. ಅದರ ವಿಷಯದಲ್ಲಿ ಅಭಿಪ್ರಾಯಭೇದವಿರಬಹುದು. ಆದರೆ ಬ್ರಿಗೆಲ್‌ರ ತುಳು ವ್ಯಾಕರಣ 1872ರಲ್ಲಿ, ಮ್ಯಾನ್ನರ್‌ರ ತುಳು ನಿಘಂಟು 1886ರಲ್ಲಿ ಹೊರಬಂದುವೆಂಬುದನ್ನು ಮರೆಯಲಾಗದು. 1853ರಲ್ಲಿ ಬಂದ ಕಿಟ್ಟೆಲ್‌ರ ಕನ್ನಡ ನಿಘಂಟು ಮುಗಿದು ಅಚ್ಚಾದುದು 1894ರಲ್ಲಿ. ನಾಲ್ಕು ದಶಕಗಳ ಅಂತರ! ಅಮೆರಿಕದ ಶಾಂತಿದಳ 1961ರಲ್ಲಿ ಸ್ಥಾಪಿತವಾದಾಗಲೂ, ಹೋಗುವ ನಾಡಿನ ಭಾಷೆಯನ್ನು ಸ್ವಯಂಸೇವಕರ ತರಬೇತಿಯಲ್ಲಿ ಸೇರಿಸಿದರು.

ಮನೆಮಾತು ತಿಳಿದಿದ್ದರೆ ಪಾಠದಲ್ಲಿ ಆಗುವ ಪ್ರಯೋಜನಕ್ಕೆ ಫ್ರೆಂಚಿನಿಂದಲೇ ಎರಡು ನಿದರ್ಶನ ಕೊಡುತ್ತೇನೆ. ಫ್ರೆಂಚಿನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಕನ್ನಡದಲ್ಲಿ ಇವೆರಡೂ ನಪುಂಸಕ; ಮಲಗಾಸಿಯಲ್ಲಂತೂ ವ್ಯಾಕರಣದ ಲಿಂಗವೇ ಇಲ್ಲ. ಇದನ್ನರಿತ ಬೋಧಕನು ಮಗು ಎಲ್ಲಿ ಎಡವುತ್ತದೆಂಬುದನ್ನು ಮುಂಚೆಯೇ ಊಹಿಸಿ ಅಲ್ಲಿ ನಿಧಾನಿಸುತ್ತಾನೆ. ಇನ್ನೊಂದೆಡೆ, ಫ್ರೆಂಚರು ಸಲಿಗೆಯವರಿಗೆ 'ತ್ಯು' ಎಂದೂ ಹಿರಿಯರಿಗೆ 'ವೂ' ಎಂದೂ ಹೇಳುತ್ತಾರೆ. ಇಂಗ್ಲಿಷಿನ ಮೂಲಕ ಇದನ್ನು ವಿವರಿಸಲು ಅರ್ಧ ಗಂಟೆ ಬೇಕು. ಅಲ್ಲಿ ಇರುವುದು ಒಂದೇ 'ಯೂ'. ನಮ್ಮ ಮಕ್ಕಳಿಗೆ 'ನೀನು, ನೀವು' ಎಂದರೆ ಸಾಕು, ತುಳುವರಿಗೆ 'ಈ, ಈರ್' ಎಂದರೆ ಸಾಕು. ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಮನೆಮಾತು ಅಡ್ಡಿಯೆಂದು ಭಾವಿಸುವವರು ಇಂತಹ ಸುಲಭದ ದಾರಿಯನ್ನು ತಾವೇ ಮುಚ್ಚಿಕೊಳ್ಳುತ್ತಾರೆ.

ಹಾಗಾದರೆ ಹೋಗುವವನು ಮಾಡಬೇಕಾದುದೇನು? ಒಂದನೆಯದು, ಊರಿನ ಮಾತನ್ನು ಸಂತೆಯಲ್ಲಿ ವ್ಯವಹರಿಸುವಷ್ಟಾದರೂ ಕಲಿಯಬೇಕು. ಎರಡನೆಯದು, ಮಗು ಕಂಡರಿತ ಹೊಲ, ಹೊಳೆ, ಅಂಗಡಿಗಳಿಂದ ಪಾಠವನ್ನು ಆರಂಭಿಸಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಊರಿನ ಉಪಾಧ್ಯಾಯರ ಸ್ಥಾನವನ್ನು ಆಕ್ರಮಿಸದೆ ಅವರ ಜತೆಗೂಡಿ ದುಡಿಯಬೇಕು. ಸ್ವಯಂಸೇವಕನು ಒಂದು ದಿನ ಹೊರಟುಹೋಗುವವನು. ಊರಿನಲ್ಲಿ ಉಳಿಯುವವರು ಅವರೇ. ಅಡಿಕೆ ಸಸಿ ನೆಟ್ಟು ಬೇಸಗೆಯಲ್ಲಿ ನೀರೆರೆಯಲು ಯಾರನ್ನೂ ಗೊತ್ತುಮಾಡದೆ ಹೋದರೆ ತೋಟವಾದೀತೆ? ಎರಡು ವಾರಕ್ಕೆ ಬಂದು ನಾಲ್ಕು ಹಾಡು ಕಲಿಸಿ ಹೋಗುವ ಸೇವೆಯ ಗತಿಯೂ ಅಷ್ಟೇ.

ಸಹಪಾಠಿಗಳೇ, ಪರದೇಶಕ್ಕೆ ಹೋಗುವ ಅನುಕೂಲ ನಮ್ಮಲ್ಲಿ ಕೆಲವರಿಗೆ ಒದಗೀತು. ಒದಗಿದವರು ಸಂತೋಷದಿಂದ ಹೋಗಿಬರಲಿ. ಉಳಿದವರಿಗೂ ಕೆಲಸಕ್ಕೆ ಕೊರತೆಯಿಲ್ಲ. ತೋಟದ ಕೆಲಸಕ್ಕೆಂದು, ಕಟ್ಟಡದ ಕೆಲಸಕ್ಕೆಂದು ಹೊರರಾಜ್ಯಗಳಿಂದ ಬಂದವರ ಮಕ್ಕಳು ತುಳುವೂ ಬಾರದೆ ಕನ್ನಡವೂ ಬಾರದೆ ನಮ್ಮ ಶಾಲೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರುವುದನ್ನು ಕಾಣಬಹುದು. ವಾರಕ್ಕೆ ಎರಡು ಸಂಜೆ ಅವರಿಗೆ ಕನ್ನಡ ಕಲಿಸಲು ಹಡಗು ಬೇಡ, ವಿಮಾನ ಬೇಡ. ಆದರೆ ಹೋಗುವ ಮೊದಲು, ನೀರಿಗೂ ಅನ್ನಕ್ಕೂ ಅವರ ತಾಯಿ ಏನೆನ್ನುತ್ತಾಳೆಂಬುದನ್ನು ಕೇಳಿ ತಿಳಿದುಕೊಂಡು ಹೋಗೋಣ.