ಪರಕಾಯ ಪ್ರವೇಶದ ಎರಡು ಪ್ರಹಸನಗಳು

ಪರಕಾಯ ಪ್ರವೇಶವೆಂದೊಡನೆ ನಮಗೆ ಯೋಗಸಿದ್ಧಿ ನೆನಪಾಗುತ್ತದೆಯೇ ಹೊರತು ನಗೆಯಲ್ಲ. ಆದರೂ ನಮ್ಮ ಪ್ರಾಚೀನರು ಇದರಿಂದ ಚೆನ್ನಾಗಿ ನಕ್ಕಿದ್ದಾರೆ. ಕೆಲವರು ಬೋಧಾಯನನದೆಂದೂ, ಕೆಲವರು 7ನೆಯ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮನದೆಂದೂ ಹೇಳುವ ‘ಭಗವದಜ್ಜುಕ’ ಎಂಬ ಸಂಸ್ಕೃತ ಪ್ರಹಸನವೇ ಸಾಕ್ಷಿ. ಗಣಿಕೆ ವಸಂತಸೇನೆ ಉದ್ಯಾನದಲ್ಲಿ ಹಾವು ಕಚ್ಚಿ ಸಾಯುತ್ತಾಳೆ. ಹೊಟ್ಟೆಪಾಡಿಗಾಗಿ ಶಿಷ್ಯನಾದ ಶಾಂಡಿಲ್ಯನಿಗೆ ಯೋಗದ ಮಹಿಮೆ ತೋರಲು ಸಂನ್ಯಾಸಿಯು ಅವಳ ದೇಹವನ್ನು ಹೊಗುತ್ತಾನೆ. ಇತ್ತ ಯಮದೂತನು ತಾನು ಒಯ್ದದ್ದು ಬೇರೊಬ್ಬ ವಸಂತಸೇನೆಯನ್ನೆಂದು ತಿಳಿದು ಜೀವವನ್ನು ಮರಳಿ ತಂದರೆ, ಮನೆಯಲ್ಲಿ ಆಗಲೇ ಬೇರೆ ಒಕ್ಕಲು! ಜೀವವನ್ನು ಸಂನ್ಯಾಸಿಯ ದೇಹದಲ್ಲಿ ಇಡುತ್ತಾನೆ. ಗಣಿಕೆ ವೇದಾಂತ ನುಡಿಯುತ್ತಾಳೆ, ಸಂನ್ಯಾಸಿ ಪ್ರಿಯಕರನನ್ನು ಹಂಬಲಿಸುತ್ತಾನೆ. ಕಡೆಗೆ ಜೀವಗಳು ಸ್ವಸ್ಥಾನ ಸೇರುತ್ತವೆ. ಇಬ್ಬರಿಗೂ ಮುಂದೆ ಸಂಬಂಧವಿಲ್ಲ.

ದಂಪತಿಗಳಾದರೆ ಹೀಗೆ ಕೈತೊಳೆದುಕೊಳ್ಳುವಂತಿಲ್ಲ. ಥಾರ್ನ್ ಸ್ಮಿತ್ತನ 1931ರ ಕಾದಂಬರಿಯಿಂದ ಹಾಲ್ ರೋಚ್ 1940ರಲ್ಲಿ ತೆಗೆದ ‘ಟರ್ನ್‌ಅಬೌಟ್’ ಎಂಬ ಅಮೆರಿಕದ ಚಿತ್ರದಲ್ಲಿ ಟಿಮ್ ಮತ್ತು ಸ್ಯಾಲಿ, ನಿನ್ನ ಬಾಳೇ ಸುಖವೆಂದು ಪರಸ್ಪರ ಜಗಳವಾಡುತ್ತಾರೆ. ಮನೆಯಲ್ಲಿದ್ದ ಮೂರ್ತಿಯೊಂದು ಬೇಸತ್ತು ಇಬ್ಬರನ್ನೂ ಅದಲುಬದಲು ಮಾಡುತ್ತದೆ. ಅವಳು ಅವನ ರೂಪದಲ್ಲಿ ಜಾಹೀರಾತಿನ ಕಛೇರಿಗೆ. ಅವನು ಅವಳ ರೂಪದಲ್ಲಿ ಮನೆಗೆ. ನಡಿಗೆ, ದನಿಗಳ ಅಗ್ಗದ ಹಾಸ್ಯವೇ ಇಲ್ಲಿ ಹೆಚ್ಚು. ಇದು ಚಿತ್ರದ ದೋಷವೆಂದೇ ನನ್ನ ಮತ. ಆದರೆ ಕೊನೆಯಲ್ಲಿ ಅದು ಸಂಸ್ಕೃತ ಪ್ರಹಸನಕ್ಕೆ ಹತ್ತಿರ ಬರುತ್ತದೆ. ಅಲ್ಲಿ ಯಮದೂತನಿಗೆ ಹೆಸರು ತಪ್ಪಿತು. ಇಲ್ಲಿ ಮೂರ್ತಿಗೆ ಲೆಕ್ಕ ತಪ್ಪುತ್ತದೆ. ದೇಹಗಳು ಮರಳಿದರೂ, ಹುಟ್ಟಬೇಕಾದ ಮಗು ಮಾತ್ರ ಗಂಡನ ಪಾಲಿಗೆ ಉಳಿಯುತ್ತದೆ.