ಇಂದಿನ ಧಮ್ಮ ಚಿಂತನೆ: ಹಿಮದ ನೊಣ ಬಿಟ್ಟ ಕಾಲು



ಇಂದಿನ ಪಾಠ ಸಮ್ಯಕ್ ವ್ಯಾಯಾಮ. ಇದರಲ್ಲಿ ನಾಲ್ಕು ಪ್ರಯತ್ನಗಳಿವೆ: ಹುಟ್ಟದ ಕೆಡುಕನ್ನು ತಡೆಯುವುದು, ಹುಟ್ಟಿದ ಕೆಡುಕನ್ನು ಬಿಡುವುದು, ಹುಟ್ಟದ ಒಳಿತನ್ನು ಹುಟ್ಟಿಸುವುದು, ಹುಟ್ಟಿದ ಒಳಿತನ್ನು ಬೆಳೆಸುವುದು. ಎರಡನೆಯದನ್ನು ನನಗೆ ಮನಗಾಣಿಸಿದ್ದು ಒಂದು ಸಣ್ಣ ಕೀಟ.

ಉತ್ತರ ಅಮೆರಿಕ ಮತ್ತು ಯುರೋಪಿನ ಹಿಮದ ನಾಡುಗಳಲ್ಲಿ ಕಯೋನಿಯ ಎಂಬ ನೊಣವಿದೆ. ರೆಕ್ಕೆ ಇಲ್ಲ, ನೋಡಲು ಜೇಡದಂತೆ. ಬೇರೆ ಕೀಟಗಳು ಚಳಿಗೆ ಅಡಗಿರುವಾಗ ಇದು ಹಿಮದ ಮೇಲೆ ಓಡಾಡುತ್ತದೆ. ಇದರ ಮೈ ಸುಮಾರು ಮೈನಸ್ 7 ಡಿಗ್ರಿವರೆಗೆ ತಣ್ಣಗಾದರೂ ನಡೆಯಬಲ್ಲದು. ಆದರೆ ಕಾಲಿನಲ್ಲಿ ಮಂಜುಗಡ್ಡೆ ಕಟ್ಟಲು ಶುರುವಾಗಿ ಅದು ಒಡಲಿಗೆ ಹರಡಿದರೆ ಸಾವು. ಆಗ ಈ ನೊಣ ಏನು ಮಾಡುತ್ತದೆ ಎಂಬುದನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದರು. ಮಂಜು ಒಡಲು ಮುಟ್ಟುವ ಮೊದಲೇ ಅದು ಆ ಕಾಲನ್ನೇ ಕಳಚಿಬಿಡುತ್ತದೆ. ಉಳಿದ ಕಾಲುಗಳಲ್ಲಿ ಮುಂದೆ ನಡೆಯುತ್ತದೆ.

ಇದನ್ನು ಓದಿದಾಗ ನನಗೆ ನನ್ನದೇ ಒಂದು ಮಾತು ನೆನಪಾಯಿತು. ಈಚೆಗೆ ತಂಗಿಯ ಮಗಳಿಗೆ ಒಂದು ಸಂಬಂಧ ಬಂತು. ಹುಡುಗನ ಮನೆಯವರೂ ಧಮ್ಮ ದೀಕ್ಷೆ ಪಡೆದವರು. ಆದರೂ ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ, "ಅವರು ಎಡಗೈನೋರೋ, ಬಲಗೈನೋರೋ?"

ಹುಡುಗಿ ಕೇಳಿದಳು, "ಮಾವ, ದೀಕ್ಷೆ ತಗೊಂಡ ಮೇಲೂ ನಮಗೆ ಎಡ ಬಲ ಇದೆಯಾ?"

ನನ್ನಲ್ಲಿ ಉತ್ತರ ಇರಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂಬುದೂ ಇದೆ, ಸಮಾನತೆಗಾಗಿ ಶ್ರಮಿಸುತ್ತೇನೆ ಎಂಬುದೂ ಇದೆ. ಎರಡನ್ನೂ ಬಾಯಿಪಾಠ ಒಪ್ಪಿಸಬಲ್ಲೆ. ಮಂಜು ಮಾತ್ರ ಕಾಲಲ್ಲೇ ಉಳಿದಿತ್ತು. "ಸುಮ್ಮನೆ ಕೇಳಿದೆ" ಎಂದು ಬಿಟ್ಟಿದ್ದರೆ ಅದು ಮನೆಗೆ, ಮಕ್ಕಳಿಗೆ, ಸಂಘಕ್ಕೆ ಹರಡುತ್ತಿತ್ತು. ಅಂದೇ ಎಲ್ಲರೆದುರು ತಪ್ಪೊಪ್ಪಿಕೊಂಡೆ.

ಆದರೆ ನೊಣಕ್ಕೂ ನಮಗೂ ಒಂದು ವ್ಯತ್ಯಾಸವಿದೆ. ನೊಣಕ್ಕೆ ಕಳಚಿದ ಕಾಲು ಮತ್ತೆ ಬೆಳೆಯುವುದಿಲ್ಲ. ಜಾತಿಯ ಅಭ್ಯಾಸವೋ, ಇಂದು ಬಿಟ್ಟರೆ ನಾಳೆ ಮತ್ತೆ ಚಿಗುರುತ್ತದೆ. ಅದಕ್ಕೇ ಸಮ್ಯಕ್ ವ್ಯಾಯಾಮ ದೀಕ್ಷೆಯ ದಿನಕ್ಕೆ ಮುಗಿಯುವುದಿಲ್ಲ, ದಿನವೂ ಮಾಡಬೇಕು. ಇನ್ನೊಂದು ಮಾತು: ಕಳಚಬೇಕಾದ್ದು ಅಭ್ಯಾಸವನ್ನು, ಮನುಷ್ಯರನ್ನಲ್ಲ.

ಇಂದಿನ ಅಭ್ಯಾಸ: ಯಾರನ್ನಾದರೂ ಭೇಟಿಯಾದಾಗ "ಇವರು ಯಾವ ಜನ?" ಎಂಬ ಪ್ರಶ್ನೆ ಮನಸ್ಸಿನಲ್ಲಿ ಎದ್ದರೆ ಗಮನಿಸಿ. ಅದು ಬಾಯಿಗೆ ಬರುವ ಮೊದಲೇ ಬಿಟ್ಟುಬಿಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್.